ಎಮ್ಲಿನ್ ಅವರ ಎಡಗಣ್ಣು

ನೀವು ಕೂತ್ಕೊಳ್ಳಿ ಎಮ್ಲಿನ್, ನಾನೇ ಒರೆಸ್ತೀನಿ. ಒಂದೇ ಕಣ್ಣಲ್ಲಿ ಕಪ್ ಎಷ್ಟು ದೂರ ಇದೆ ಅಂತ ಅಂದಾಜು ಸಿಗಲ್ಲ, ಚಹಾ ಪಕ್ಕಕ್ಕೇ ಬೀಳೋದು. ಎಲ್ಲರಿಗೂ ಹಾಗೇ. ನಿಮ್ಮ ಹೆಂಡತಿ ಮೆನ್ನಾ ಬರೋದು ಆರಕ್ಕಾ? ಚರ್ಚಲ್ಲಿ ಹಾಡಿನ ಅಭ್ಯಾಸ ಅಂದ್ರೆ ಆರೂವರೆನೇ ಆಗತ್ತೆ ಬಿಡಿ. ಅಷ್ಟರಲ್ಲಿ ಮೇಜುಬಟ್ಟೆ ಒಣಗಿರತ್ತೆ. ಕೇಕ್ ತಗೊಳ್ಳಿ, ನಿಮಗೆ ಅಂತಾನೇ ಸಕ್ಕರೆ ಹಾಕದೆ ಮಾಡಿದೀನಿ.

ಏನು ಹೇಳ್ತಿದ್ದೆ... ಹ್ಞಾಂ, ಕಾಗದ. ನೀವು ನನ್ನ ಬಗ್ಗೆ ನಮ್ಮ ಆಫೀಸಿಗೆ ಬರೆದ ಕಾಗದ. ಈ ಫೆಬ್ರವರಿಲಿ ಸಕ್ಕರೆ ಕಾಯಿಲೆಯವರ ಕಣ್ಣಿನ ಫೋಟೋಗೆ ಅಂತ ಬಂದಿದ್ರಲ್ಲ, ಅದಾಗಿ ಒಂದು ವಾರಕ್ಕೆ ಬರೆದಿದ್ರಿ. 'ಹೋದ ಸಲ ಇನ್ನೊಬ್ಬರು ಮುಕ್ಕಾಲು ಗಂಟೆ ಕೂರಿಸಿದ್ರು. ನಮ್ಮ ನೆಸ್ಟಾ ಪ್ರಾಸರ್ ನಾಲ್ಕೇ ನಿಮಿಷದಲ್ಲಿ ಮುಗಿಸಿದಳು. ಅವಳಂಥವರು ಇನ್ನೂ ನಾಲ್ಕು ಜನ ಇರಬೇಕು.' ಯಾಕೆ ನಗ್ತೀರಿ? ನಿಮ್ಮದೇ ಮಾತು. ಅದಕ್ಕೆ ಚೌಕಟ್ಟು ಹಾಕಿಸಿ ಆಫೀಸಿನ ಅಡುಗೆಕೋಣೇಲಿ ತೂಗುಹಾಕಿದಾರೆ. ದಿನಾ ಚಹಾಕ್ಕೆ ನೀರು ಕುದಿಯೋವಾಗ ಎದುರಿಗೆ ಅದೇ ಕಾಣೋದು.

ಈಗ ನಮ್ಮ ಮ್ಯಾನೇಜರ್ ಕೆರಿಗೆ ಅದನ್ನ ಕರಪತ್ರದಲ್ಲಿ ಅಚ್ಚು ಹಾಕಿಸೋ ಆಸೆ. ನಿಮ್ಮ ಒಪ್ಪಿಗೆ ಬೇಕಂತೆ. ಇಲ್ಲಿ, ನನ್ನ ಬೆರಳಿದೆಯಲ್ಲ, ಇದರ ಪಕ್ಕ ಒಂದು ಸಹಿ. ನಿಮ್ಮ ಕಣ್ಣು ಹೋಗಿದ್ದು ಕೆರಿಗೆ ಗೊತ್ತಿಲ್ಲ, ನಾನೂ ಹೇಳೋಕೆ ಹೋಗ್ಲಿಲ್ಲ. ಯಾಕೆ ಅಂದ್ರೆ... ಅದಾಗಿದ್ದು ಆಗಸ್ಟ್‌ಲಿ, ಕಾಗದ ಬರೆದಿದ್ದು ಫೆಬ್ರವರಿಲಿ. ಇದಕ್ಕೂ ಅದಕ್ಕೂ ಏನು ಸಂಬಂಧ.

ಪೆನ್ನು ಸರಿ ಇಲ್ವಾ? ಬರೀತಿದೆಯಲ್ಲ. ಮತ್ತೇನು ಯೋಚನೆ?

ನೋಡಿ, ಇಪ್ಪತ್ತಾರು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಬೀದಿಲಿ ಸಿಕ್ಕವರ ಮುಖ ಮರೀತೀನಿ, ಕಣ್ಣಿನ ಒಳಗಿನ ಚಿತ್ರ ತೋರಿಸಿ, ಯಾರದ್ದು ಅಂತ ಹೇಳ್ತೀನಿ. ಕೆಲವರಿಗೆ ಫೋಟೋದಲ್ಲಿ ಏನೂ ಇರಲ್ಲ, ಆರೇ ತಿಂಗಳಲ್ಲಿ ಒಳಗೆ ರಕ್ತ ಸುರಿದುಬಿಡತ್ತೆ. ಯಾರ ತಪ್ಪೂ ಅಲ್ಲ ಅದು. ಕಾರ್ಡಿಫ್ ಆಸ್ಪತ್ರೆ ಡಾಕ್ಟರು ನಿಮಗೂ ಇದನ್ನೇ ಹೇಳಿರಬೇಕು... ಹೇಳ್ಲಿಲ್ವಾ? ಮತ್ತೇನಂದ್ರು?

ಹೋಗ್ಲಿ ಬಿಡಿ, ಹೇಳೋದು ಬೇಡ.

ಆವತ್ತು ನೀವೂ ಸುಮ್ಮನೆ ಕಣ್ಣು ಮಿಟುಕಿಸ್ತಿದ್ರಿ. ಔಷಧಿ ಹಾಕಿದ್ರೂ ಪಾಪೆ ಸರಿಯಾಗಿ ಅರಳಿರ್ಲಿಲ್ಲ. ಬಲಗಣ್ಣು ಚೆನ್ನಾಗಿ ಬಂತು. ಎಡಗಣ್ಣು... ಎಡಗಣ್ಣೂ ಬಂತು. ಸ್ವಲ್ಪ ಮಂಜು ಮಂಜಾಗಿ, ಅಷ್ಟೇ. ನೀವು ಮೂವತ್ತು ವರ್ಷ ಬಸ್ಸು ಓಡಿಸಿದವರು, ನಿಮಗೆ ಗೊತ್ತಿರತ್ತೆ, ಬೆಟ್ಟದ ಮೇಲೆ ಮಂಜು ಬಿದ್ರೂ ಒಂದು ಅಂದಾಜಲ್ಲಿ... ಇಲ್ಲ. ನೀವು ನಿಲ್ಲಿಸಿಬಿಡ್ತಿದ್ರಿ. ನಾವು ಶಾಲೆ ಮಕ್ಕಳೆಲ್ಲ ಒಳಗೆ ಕೂತಲ್ಲೇ ಕುಣೀತಿದ್ವಿ, ಇವತ್ತು ಗಣಿತ ತಪ್ಪಿತು ಅಂತ. ದಾರಿ ಕಾಣೋವರೆಗೂ ನೀವು ಗೇರು ಮುಟ್ತಿರ್ಲಿಲ್ಲ.

ಯಾಕೆ ಹಾಗೆ ನೋಡ್ತೀರಿ?

ಪೆನ್ನು ಯಾಕೆ ಕೆಳಗಿಟ್ರಿ ಎಮ್ಲಿನ್? ಬೈದುಬಿಡಿ.

...

ಚಿತ್ರ ಅಸ್ಪಷ್ಟ ಅಂತ ಬರೆದಿದ್ರೆ ನಿಮ್ಮನ್ನ ಆಸ್ಪತ್ರೆಗೆ ಕಳಿಸ್ತಿದ್ರು. ಅಲ್ಲಿ ಡಾಕ್ಟರೇ ನೋಡ್ತಿದ್ರು, ಲೇಸರ್ ಹೊಡೀತಿದ್ರೋ ಏನೋ. ನಾನು ಸ್ಪಷ್ಟ ಅಂತ ಬರೆದೆ. ಹಿರಿಯಳು ನಾನು, ನಾನು ಬರೆದದ್ದನ್ನ ಯಾರು ಮತ್ತೆ ನೋಡ್ತಾರೆ. ಏಪ್ರಿಲ್‌ನಲ್ಲಿ ಸಭೆ ಮಾಡಿ ಹೂಗುಚ್ಛ ಕೊಟ್ರು ನನಗೆ. ಇಡೀ ವಿಭಾಗದಲ್ಲೇ ಅತಿ ಕಡಿಮೆ ಅಸ್ಪಷ್ಟ ಚಿತ್ರಗಳು ಅಂತ. ನಿಮ್ಮ ಕಾಗದ ಓದಿದ್ದೂ ಅಲ್ಲೇ. ಎಲ್ಲರೂ ಚಪ್ಪಾಳೆ ತಟ್ಟಿದ್ರು, ನಾನೂ ತಟ್ಟಿದೆ.

ನಿಮ್ಮೊಬ್ಬರದೇ ಹಾಗಾಗಿದ್ದು.

ನಿಮ್ಮೊಬ್ಬರದೇ ಅಂದೆನಲ್ಲ... ನಾನ್ಯಾಕೆ ಸುಳ್ಳು ಹೇಳ್ಲಿ.

...

ಒಂಬತ್ತು ಜನ. ನಿಮ್ಮನ್ನ ಬಿಟ್ಟು. ಎಲ್ಲರ ಹೆಸರೂ ಗೊತ್ತು. ಇನ್ನೂ ಯಾರಿಗೂ ಏನೂ ಆಗಿಲ್ಲ, ಚೆನ್ನಾಗೇ ಓಡಾಡ್ಕೊಂಡಿದಾರೆ. ಅಂಗಡೀಲಿ ಸಿಕ್ಕಾಗೆಲ್ಲ ಕೇಳ್ತೀನಿ, ಕಣ್ಣು ಹೇಗಿದೆ ಅಂತ. ಎಷ್ಟು ಅಕ್ಕರೆ ಇವಳಿಗೆ ಅಂದ್ಕೋತಾರೆ ಪಾಪ. ಹೇಗಿದ್ರೂ ಫೆಬ್ರವರಿಗೆ ಮತ್ತೆ ಬರ್ತಾರೆ, ಆಗ ಸರಿಯಾಗಿ ತೆಗೆದುಬಿಟ್ರೆ ಆಯ್ತು ಅಂತ...

ಹೌದು. ಆರೇ ತಿಂಗಳಲ್ಲಿ ಅಂತ ನಾನೇ ಹೇಳಿದ್ದು.

ಏನಿದು? ಫೋನ್ ಯಾಕೆ ನನ್ನ ಕಡೆ ತಳ್ತೀರಿ? ನಾಳೆ ಬೆಳಗ್ಗೆ ಆಫೀಸಿಗೆ ಹೋದ ಕೂಡ್ಲೇ ನಾನೇ ಹೇಳ್ತೀನಿ. ನಿಜವಾಗ್ಲೂ. ಇವತ್ತು ಹೇಳಿದ್ರೂ ನಾಳೆ ಹೇಳಿದ್ರೂ...

ಸರಿ. ಕೊಡಿ ಇಲ್ಲಿ.

ಹಲೋ, ಕೆರಿ? ನಾನು ನೆಸ್ಟಾ. ಹೌದು, ಎಮ್ಲಿನ್ ಅವರ ಮನೇಲೇ ಇದೀನಿ. ಇಲ್ಲ, ಸಹಿ ಹಾಕ್ಲಿಲ್ಲ. ಅದಿರ್ಲಿ, ಒಂಬತ್ತು ಜನರನ್ನ ಈ ವಾರವೇ ಆಸ್ಪತ್ರೆಗೆ ಕರೆಸಬೇಕು, ಹೆಸರು ಬರ್ಕೋ. ಯಾಕೆ ಅನ್ನೋದನ್ನ ಆಮೇಲೆ... ಇಲ್ಲ, ಈಗಲೇ ಹೇಳ್ತೀನಿ, ಕೇಳು.