ಅಕ್ಕನ ಸಾಕ್ಷಿ

ನ್ಯಾಯಾಲಯದ ಕಾರಿಡಾರಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ನರ್ಸ್, ಅವರ ಆಚೆಗೆ ಕರಿ ಕೋಟಿನ ವಕೀಲೆ ಕೂತಿದ್ದರು.

“ನಿಮ್ಮ ತಂಗಿ ಗಂಟಲಿನ ಆಪರೇಷನ್ ಆಗೋವಾಗ ಒಳಗಿದ್ದೋರಲ್ಲಿ ನಮ್ಮ ಕಡೆಯೋರು ನೀವೊಬ್ರೇ,” ಎಂದು ವಕೀಲೆ ನರ್ಸ್‌ಗೆ ಹೇಳಿದರು. “ದೊಡ್ಡ ಡಾಕ್ಟರು ಕಲಿಯೋರ ಕೈಗೆ ಕತ್ತರಿ ಕೊಟ್ಟು ಹೊರಗೆ ಹೋದ್ರು ಅಂತ ನೀವು ಹೇಳದಿದ್ರೆ ಕೇಸು ನಿಲ್ಲಲ್ಲಮ್ಮ.”

“ಹೇಳಿದ್ರೆ ಆ ಆಸ್ಪತ್ರೇಲಿ ನನ್ನ ಕೆಲಸ ಉಳಿಯಲ್ಲ ಮೇಡಂ.”

“ಸಾಕ್ಷಿ ಹೇಳಿದ್ದಕ್ಕೆ ತೆಗೆಯೋ ಹಾಗಿಲ್ಲ. ತೆಗೆದ್ರೆ ಅದಕ್ಕೂ ಕೇಸು ಹಾಕ್ತೀನಿ.”

“ಆ ಕೇಸು ಮುಗಿಯೋ ತನಕ ಒಲೆ ಉರಿಯೋದು ಹೇಗೆ? ದನಿ ಹೋದ ಟೀಚರ್ ಬೇಡ ಅಂತ ಸ್ಕೂಲಿನೋರು ತಂಗೀನ ಆಗಲೇ ಮನೆಗೆ ಕಳಿಸಿದಾರೆ. ಈಗ ದುಡಿಯೋಳು ನಾನೊಬ್ಳೇ.”

ವಕೀಲೆ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. “ನಿಮ್ಮ ಜಾಗದಲ್ಲಿದ್ದಿದ್ರೆ ನಾನೇನು ಮಾಡ್ತಿದ್ನೋ ಗೊತ್ತಿಲ್ಲ. ವಕೀಲೆಯಾಗಿ ಮಾತ್ರ, ಹೇಳಿ ಅಂತೀನಿ.”

ಅಷ್ಟರಲ್ಲಿ ತಂಗಿ ನೀರಿನ ಬಾಟಲಿ ತುಂಬಿಸಿಕೊಂಡು ಬಂದರು. ಅಕ್ಕನ ಕಡೆ ಬಗ್ಗಿ ಏನೋ ಕೇಳಿದರು. ತುಟಿ ಅಲುಗಿತು, ಬಂದದ್ದು ಬರೀ ಉಸಿರು.

“ಸ್ವಲ್ಪ ಜೋರಾಗಿ ಹೇಳೇ,” ಎಂದುಬಿಟ್ಟರು ನರ್ಸ್.

ತಂಗಿ ನಕ್ಕುಬಿಟ್ಟರು. ಅಕ್ಕ ತಲೆ ಎತ್ತಲಿಲ್ಲ.

ಜವಾನ ಬಾಗಿಲಲ್ಲಿ ನಿಂತು ಅವರ ಕೇಸು ಕೂಗಿದ. ವಕೀಲೆ ಎದ್ದರು. “ಏನು ಮಾಡೋಣಮ್ಮ?”

“ಡಾಕ್ಟರು ಹೊರಗೆ ಹೋದದ್ದನ್ನೇ ಮೊದಲನೇ ಪ್ರಶ್ನೆಯಾಗಿ ಕೇಳ್ಬಿಡಿ ಮೇಡಂ. ತಡವಾದ್ರೆ ನಂಗೆ ಬಾಯಿ ಬರಲ್ಲ.”

ತಂಗಿಯ ಮಣಿಕಟ್ಟು ಹಿಡಿದುಕೊಂಡು ಅವರು ವಕೀಲೆಯ ಹಿಂದೆ ಒಳಗೆ ಹೋದರು.