ಕೊಂಡವಾಡಕ್ಕೆ ಬಿದ್ದ ಬಸ್ಸು

ಅಲ್ಲಲೇ, ಬಸ್ಸು ಕೆಟ್ಟು ನಿಂತಿದ್ದಲ್ಲ. ಬಸ್ಸು ಭೇಷಿತ್ತು, ಕೆಟ್ಟಿದ್ದು ಸೇತುವಿ. ನಿಮ್ಮಪ್ಪ ಅರ್ಧಂಬರ್ಧ ಹೇಳ್ಯಾನ, ಅವ ಆಗಿನ್ನೂ ಹುಟ್ಟಿದ್ದಿಲ್ಲ, ಅವಂಗೇನ್ ಗೊತ್ತು? ನಾ ಆಗ ಕಂಡಕ್ಟರ್. ಸರ್ಕಾರಿ ಬಸ್ಸಲ್ಲ ಮತ್ತ, ಹರಪನಹಳ್ಳಿ ಸಾವ್ಕಾರೊಬ್ರ ಬಸ್ಸು. ಮುಂಜಾನಿಂದ ಅಲ್ಲಿ ಇಲ್ಲಿ ತಿರುಗಿ, ಸಂಜಿಗೆ ಹಗರಿಬೊಮ್ಮನಹಳ್ಳಿ ಬಿಟ್ಟು, ಹಂಪಸಾಗರದ ಕಡಿ ಹೋಗಿ, ಹಿನ್ನೀರ ದಂಡಿ ಮ್ಯಾಲಿನ ಒಂದು ಊರಾಗ ರಾತ್ರಿ ವಸ್ತಿ. ಊರ ಹೆಸರು ಬ್ಯಾಡ ಬಿಡ್ರಿ, ಆ ಊರೋರು ಈಗ್ಲೂ ಸಂತ್ಯಾಗ ಸಿಗ್ತಾರ. ಊರ ಮುಂದ ನೋಡಿದ್ರ ಹೊಳಿ ಹಿನ್ನೀರು, ಸಮುದ್ರ ಆದಂಗ. ಹಿಂದ ದೊಡ್ಡ ಹಳ್ಳ. ಹೊರಗ ಹೋಗ್ಬೇಕಂದ್ರ ಹಳ್ಳದ ಮ್ಯಾಲಿನ ಆ ಕಲ್ಲಿನ ಸೇತುವಿ ಒಂದ ದಾರಿ. ತಿಳೀತಿಲ್ಲೋ? ಅದು ಹೋತಂದ್ರ ಊರು ಡಬ್ಬಿಗೆ ಮುಚ್ಚಳ ಹಾಕಿದಂಗ.

ಆ ಸೇತುವಿ ನಡುಗಂಬದ ಸಂದ್ಯಾಗ ಒಂದು ಅರಳಿ ಸಸಿ ಹುಟ್ಟಿತ್ತು. ಅರಳಿ ಅಂದ್ರ ದೇವ್ರಲ್ಲೇನು, ಯಾರ್ ಕೀಳ್ಬೇಕು? ಕಿತ್ತೋನ ವಂಶ ಉಳಿಯಂಗಿಲ್ಲ ಅಂತಿದ್ರು. ಕೀಳೋದು ಹಾಳಾಗ್ಲಿ, ಹೆಣ್ಮಕ್ಕಳು ಕುಂಕುಮ ಹಚ್ಚಿದ್ರು, ದಾರ ಸುತ್ತಿದ್ರು, ಬ್ಯಾಸಿಗ್ಯಾಗ ಕೊಡ ಹೊತ್ಕೊಂಡು ಹೋಗಿ ನೀರು ಹಾಕಿದ್ರು. ಅದೂ ಬೆಳೀತು, ಬೇರು ಬಿಡ್ತು, ಕಲ್ಲು ಬಾಯಿ ಬಿಟ್ವು. ನಮ್ಮ ಡ್ರೈವರ್ ಖಾಸೀಂ ಸಾಬ ದಿನಾ ಬಯ್ತಿದ್ದ, "ಲೇ ಹಾಲಪ್ಪ, ಈ ಊರೋರು ತಮ್ಮ ಸೇತುವಿಗೆ ತಾವ ಗೋರಿ ತೋಡಾಕ ಹತ್ಯಾರ ನೋಡು" ಅಂತ. ಬೈದು, ಅಲ್ಲಿ ಬಂದಾಗ ತಾನೂ ಗಾಡಿ ನಿಧಾನ ಮಾಡಿ ಎದಿ ಮುಟ್ಕೊಂತಿದ್ದ! ಊರೋರು ಆಫೀಸಿಗೆ ಹೋಗಿ ಹೇಳಿದ್ದಿಲ್ಲ ಅಂತಲ್ಲ, ಹೇಳಿದ್ರು. ರಸ್ತಿ ಆಫೀಸ್ನೋರು, "ಅದು ನಮ್ದಲ್ಲ, ತಾಲೂಕ ಬೋರ್ಡಿಂದು" ಅಂದ್ರು. ಬೋರ್ಡ್ನೋರು, "ನಮ್ದ ಖರೆ, ರೊಕ್ಕೆಲ್ಲೈತಿ?" ಅಂದ್ರು. ಹೊಸಾದು ಕಟ್ಟಾಕಾದ್ರ ಯಾರಾರ ದೊಡ್ಡೋರು ಬಂದು ಕಲ್ಲಿಟ್ಟು ಹಾರ ಹಾಕ್ಕೊಂತಾರಪ್ಪ. ಹಳೆ ಸೇತುವಿಗೆ ಸಿಮಿಟಿ ಮೆತ್ತಿದ್ರ ಹಾರ ಯಾರ್ ಹಾಕ್ತಾರ?

ಆ ವರ್ಷ ಉತ್ತರಿ ಮಳಿ ಹೊಡೀತು ನೋಡು, ಸಂಜಿಗೆ ನಾವು ದಾಟಿ ಬಂದೀವಿ, ಮುಂಜಾನೆದ್ದು ನೋಡ್ತೀವಿ, ನಡುಗಂಬ ಕುಂತುಬಿಟ್ಟೈತಿ. ಅರಳಿ ಗಿಡ ಕಂಬ ಸಮೇತ ಹಳ್ಳದಾಗ ಮಕ್ಕೊಂಡೈತಿ. ನೀರು ಇಳದ ಮ್ಯಾಲೆ ಮಂದಿ ಹಳ್ಳದಾಗ ಇಳದು ಹತ್ತಿ ಹೆಂಗೋ ದಾಟ್ತಿದ್ರು. ಬಸ್ಸು? ಉಸುಕು ಗಟ್ಟಿ ಆದ್ರ ನಾಕು ಜೋಡಿ ಎತ್ತು ಕಟ್ಟಿ ಎಳಸಬೋದಿತ್ತು. ನಾನೂ ಖಾಸೀಂ ಸಾಬನೂ ಕೆಂಚವ್ವನ ಮನಿಗೆ ಹೋದ್ವಿ. ಕೆಂಚವ್ವ ಅಂದ್ರ ಆ ಊರಾಗಿನ ದೊಡ್ಡ ಮುದುಕಿ, ಕುರಿ ಹಟ್ಟಿ ಯಜಮಾನಿ, ಆಕಿ ಹೂಂ ಅಂದ್ರ ಊರು ಹೂಂ. ಎಲಿ ಅಡಿಕಿ ಹಾಕ್ಕೊಂತ ಕೇಳಿದ್ಲು. "ಎತ್ತು ಕೊಡ್ತೀವೋ ತಮ್ಮಾ. ಬಸ್ಸು ಆ ದಂಡಿಗೆ ಹೋತು. ನಾಳಿಗೆ ತಿರುಗಿ ಬರ್ತೈತೇನು?" ಅಂದ್ಲು. ಉತ್ರಾನೂ ಆಕಿನ ಹೇಳಿದ್ಲು, "ಬರಂಗಿಲ್ಲ. ಸೇತುವಿ ಬಿದ್ದಿದ್ದು ನಮಗಷ್ಟ ನೋವು, ಆಫೀಸಿಗಿಲ್ಲ, ನಿಮ್ಮ ಧಣಿಗಿಲ್ಲ. ಬಸ್ಸು ಇಲ್ಲೇ ಇರ್ಲಿ, ಅವಾಗ ಅವರಿಗೂ ನೋಯ್ತೈತಿ" ಅಂದು, ಊರ ಮಂದಿ ಕರದು ಹೇಳಿದ್ಲು, "ಈ ಬಸ್ಸು ಕೊಂಡವಾಡಕ್ಕ ಬಿದ್ದೈತಿ."

ಕೊಂಡವಾಡ ಗೊತ್ತಲ್ಲ ನಿಮಗ? ಗೊತ್ತಿಲ್ಲೇನು? ಮಂದಿ ಹೊಲ ಮೇಯ್ದ ದನಾ ಹಿಡದು ಕೂಡಿಹಾಕೋ ದೊಡ್ಡಿ. ದನದ ಧಣಿ ತಾನ ಬಂದು, ಹತ್ತು ಮಂದಿ ಮುಂದ ಮಾತು ಕೊಟ್ಟು ಬಿಡಿಸ್ಕೋಬೇಕು. ಅಲ್ಲೀಮಟ ಮೇವು ನೀರು ಕಟ್ಟಿಹಾಕಿದವರದ. ಹಂಗ ಬಸ್ಸಿನ ಸುತ್ತ ಜಾಲಿ ಮುಳ್ಳು ಬಡದ್ರು, ನಮಗ ದಿನಾ ಜ್ವಾಳದ ರೊಟ್ಟಿ, ಬ್ಯಾಳಿ, ಮಜ್ಜಿಗಿ. ನಗಬ್ಯಾಡ್ರಿ, ಉಣ್ಣೋನಿಗೆ ಗೊತ್ತು ಅದರ ಕಷ್ಟ. ಖಾಸೀಂ ಸಾಬ ಜ್ವರ ಬಂದೈತಿ ಅಂತ ಹೇಳಿ ಮನಿಗೆ ಹೋದ, ಹೋದೋನು ಹೋದ. ಸಾವ್ಕಾರ್ರು ಮಂದಿ ಕೈಲಿ ಹೇಳಿ ಕಳಿಸಿದ್ರು, "ಬಸ್ಸು ಬಿಟ್ಟು ಕದಲಿದ್ಯೋ, ನನ್ನ ಬಾಗಲಿಗೆ ಬರಬ್ಯಾಡ." ಅಲ್ಲಿಗೆ ನಾನೂ ಬಸ್ಸಿನ ಸಂಗಾಟ ಕೊಂಡವಾಡಕ್ಕ ಬಿದ್ದೆ.

ಅಷ್ಟ ಆಗಿದ್ರ ತಡಕೊಂತಿದ್ದೆ. ದೀಪಾವಳಿ ಆದಮ್ಯಾಲೆ ತೆಲಿಗಿ ಊರಾಗ ನನ್ನ ಮದುವಿ! ನಿಮ್ಮಜ್ಜಿ ದುರುಗವ್ವನ ಅಪ್ಪ ಭಾಳ ಸಿಟ್ಟಿನ ಮನುಷ್ಯಾ, ಕಂಡಕ್ಟರ್ ಕೆಲ್ಸ ಐತಿ ಅಂತ ಮಗಳ್ನ ಕೊಡಾಕ ಒಪ್ಪಿದ್ದ. ಅವಂದೂ ಸುದ್ದಿ ಬಂತು, "ಅಕ್ಕಿಕಾಳಿನ ಹೊತ್ತಿಗೆ ಹುಡುಗ ಬರ್ಲಿಲ್ಲಂದ್ರ ಅದ ಹಂದರದಾಗ ಬ್ಯಾರೆ ಹುಡುಗನ್ನ ಕೂಡಿಸ್ತೀನಿ." ಹೋದ್ರ ಕೆಲ್ಸ ಇಲ್ಲ, ಕೆಲ್ಸ ಇಲ್ಲಂದ್ರ ಹೆಣ್ಣಿಲ್ಲ. ಹೋಗ್ಲಿಲ್ಲಂದ್ರೂ ಹೆಣ್ಣಿಲ್ಲ. ಅತ್ತ ದರಿ, ಇತ್ತ ಹುಲಿ. ಬಸ್ಸಿನ ಕಿಟಕ್ಯಾಗ ಕುಂತು ಆ ಕಡಿ ದಂಡಿ ನೋಡ್ತಿದ್ದೆ, ಮಂದಿ ಎಷ್ಟು ಆರಾಮ್ ನಡಕೊಂಡು ಹೊಂಟಾರಲ್ಲ, ನನಗ್ಯಾಕಿಲ್ಲ ಆ ಕಾಲು ಅಂತ ಹೊಟ್ಟಿ ಉರೀತಿತ್ತು. ಕೈಯಾಗ ಕೋಳ ಇಲ್ಲ, ಬಾಗಲಿಗೆ ಕೀಲಿ ಇಲ್ಲ, ಆದ್ರೂ ಹೋಗಾಕ ಬರಂಗಿಲ್ಲ. ಅಂಥಾ ಜೇಲು ಯಾವ ವೈರಿಗೂ ಬ್ಯಾಡ. ಅತ್ತೀನಿ ನಾನು, ಗಂಡಸು ಅಳಬಾರ್ದು ಅಂತಾರ, ಅತ್ತೀನಿ.

ಕೆಂಚವ್ವ ರೊಟ್ಟಿ ತಂದಾಕಿ ನೋಡಿದ್ಲು. "ಯಾಕೋ ತಮ್ಮಾ?" ಎಲ್ಲಾ ಹೇಳಿದೆ. "ಹುಚ್ಚಪ್ಪಾ, ನಾವು ದನಾ ಕಟ್ಟೀವಿ, ದನಾ ಕಾಯೋನ್ನ ಕಟ್ಟಿಲ್ಲ. ಹೋಗಿ ತಾಳಿ ಕಟ್ಟಿ ಬಾ."

"ಬಸ್ಸು ಯವ್ವಾ? ಬಸ್ಸು ಯಾರು ಕಾಯ್ತಾರ?"

"ನಾವು ಕಾಯ್ತೀವಿ."

ನೋಡ್ರಿ ಆಟಾ! ಯಾರು ನನ್ನ ಕೂಡಿಹಾಕ್ಯಾರೋ ಅವರ ಕೈಯಾಗ ಧಣಿ ಬಸ್ಸು ಕೊಟ್ಟು ಹೋಗ್ಬೇಕು. ಬ್ಯಾರೆ ದಾರಿ ಏನಿತ್ತು? ಹೋದೆ. ಹಂದರದಾಗ ಕುಂತಾಗೂ ಜೀವ ಬಸ್ಸಿನ ಟಯರಿನ ಮ್ಯಾಲೆ. ತಾಳಿ ಕಟ್ಟಿ, ನಿಮ್ಮಜ್ಜಿನ್ನ ಕರಕೊಂಡು ಸೀದಾ ತಿರುಗಿ ಅಲ್ಲಿಗೇ ಬಂದೆ. ಬಸ್ಸು ಇದ್ದಂಗ ಇತ್ತು, ಒಂದು ತಗಡು ಅಲುಗಿದ್ದಿಲ್ಲ, ಮ್ಯಾಲೆ ಮಾವಿನ ತೋರಣ ಬ್ಯಾರೆ ಕಟ್ಟಿದ್ರು! ಕೆಂಚವ್ವ ಬಸ್ಸಿನ ಮೆಟ್ಟಲ ಮ್ಯಾಲೆ ಜ್ವಾಳ ತುಂಬಿದ ಸೇರು ಇಟ್ಲು. ನಿಮ್ಮಜ್ಜಿ ಅದನ್ನ ಬಲಗಾಲಿಂದ ಒದ್ದು ಒಳಗ ಬಂದ್ಲು. ಆಕಿ ಗಂಡನ ಮನಿ ಅಂತ ಮೊದ್ಲು ಕಾಲಿಟ್ಟಿದ್ದು ಆ ಬಸ್ಸಿಗೆ. ಊರ ಹೆಣ್ಮಕ್ಕಳು ಸೇರಿ ಉಡಿ ತುಂಬಿದ್ರು. ನಾನು ಒಬ್ಬ ಸಿಕ್ಕೊಂಡಿದ್ದೆ, ಈಗ ಇಬ್ರಾದ್ವಿ. ರಾತ್ರಿ ಚಳಿಗೆ ಹಿನ್ನೀರ ಗಾಳಿ ಕಿಟಕಿ ಸಂದ್ಯಾಗ ಹಾಯ್ತಿತ್ತು, ಆಕಿ ಪಾಪ ಒಂದು ದಿನ ತುಟಿ ಪಿಟಕ್ಕನ್ನಲಿಲ್ಲ. ಈಗ ಅಂತಾಳ ಬಿಡು, ಬಡ್ಡಿ ಸಮೇತ.

ಕಡೀಗೆ ಸಾವ್ಕಾರ್ರಿಗೆ ತಡೀಲಿಲ್ಲ. ದುಡಿಯೋ ಬಸ್ಸು ಮುಳ್ಳಾಗ ನಿಂತ್ರ ಯಾವ ಧಣಿ ಸುಮ್ಕಿರ್ತಾನ? ತಾವ ಹೋಗಿ ಆಫೀಸಿನ ಮುಂದ ಕುರ್ಚಿ ಹಾಕ್ಕೊಂಡು ಕುಂತ್ರಂತ. ಕೆಂಚವ್ವ ಹೇಳಿದ್ದು ಖರೆ ಆತು, ನಮ್ಮ ನೋವಿಗೆ ಇಲ್ಲದ ರೊಕ್ಕ ಅವರ ನೋವಿಗೆ ಹುಟ್ಟಿತು. ಗ್ಯಾಂಗಿನ ಕೂಲಿಯೋರು ಬಂದ್ರು, ಕಲ್ಲು ಬಂತು, ಸಿಮಿಟಿ ಬಂತು, ಸಂಕ್ರಾಂತಿ ಮುಂದ ಕಂಬ ಎದ್ದು ನಿಂತಿತು. ಬಿದ್ದ ಅರಳಿ ಗಿಡಾನ ಊರೋರ ತಾವಾಗಿ ಎತ್ತಿ ಗುಡಿ ಹಿಂದ ನೆಟ್ರು, ಯಾರ ವಂಶನೂ ಹೋಗ್ಲಿಲ್ಲ.

ಸಾವ್ಕಾರ್ರು ಹೊಸ ಡ್ರೈವರ್ ಕರಕೊಂಡು ಬಂದ್ರು. ಊರೋರು ಖುಷಿಲೆ ಮುಳ್ಳು ಸರಿಸಿದ್ರು. ಹತ್ತು ಮಂದಿ ಮುಂದ ಮಾತು ತಗೊಳ್ಳೋದು ಯಾರಿಗೂ ನೆನಪಾಗ್ಲಿಲ್ಲ, ಸೇತುವಿ ಆತಲ್ಲ, ಇನ್ಯಾಕ ಅಂತ. ನಾವಿಬ್ರೂ ಟ್ರಂಕು ಇಟ್ಕೊಂಡು ಹಿಂದ ಕುಂತ್ವಿ. ಮಂದಿ ಬಸ್ಸಿನ ಹಿಂದ ನಡಕೊಂತ ಬರಾಕ ಹತ್ಯಾರ, ಕೈ ಬೀಸಾಕ ಹತ್ಯಾರ. ಬಸ್ಸು ಸೇತುವಿ ಹತ್ತಿತು, ಸಾವ್ಕಾರ್ರು ಡ್ರೈವರಿಗೆ ಅಂದ್ರು, "ಈ ದರಿದ್ರ ಊರಿನ ಮಾರಿ ಇನ್ನ ಮ್ಯಾಲೆ ನೋಡಂಗಿಲ್ಲ. ನಾಳಿಂದ ಕೊಟ್ಟೂರ ಕಡಿ ಹೊಡಿ." ನಿಮ್ಮಜ್ಜಿ, "ನಿಲ್ಸ್ರಿ, ವಾಂತಿ ಬರಾಕ ಹತ್ತೈತಿ" ಅಂದ್ಲು. ನಿಲ್ಸಿದ್ರು. ಇಳದ್ಲು, ಮುಂದ ಹೋದ್ಲು, ಸೇತುವಿ ನಡುವ ಬಸ್ಸಿಗೆ ಅಡ್ಡ ಕುಂತ್ಲು. ಮಾತ ಇಲ್ಲದ ಹುಡುಗಿ ಅಂದ್ಕೊಂಡಿದ್ದೆ ನಾನು! "ನನ್ನ ಉಡಿ ತುಂಬಿದ ಊರದು. ಧಣಿ, ಬಸ್ಸು ಬರ್ತೈತಿ ಅಂತ ಮಾತು ಕೊಡ್ರಿ, ಏಳ್ತೀನಿ."

ಸಾವ್ಕಾರ್ರು ನನ್ನ ಕಡಿ ತಿರುಗಿದ್ರು. "ಹಾಲಪ್ಪ, ಹೆಂಡ್ತಿನ್ನ ಎಬ್ಬಿಸು. ಇಲ್ಲಾ, ಕಂಡಕ್ಟರ್ ಚೀಲ ಕೆಳಗಿಡು." ಕೆಲ್ಸ ಹೋದ್ರ ಮಾವನ ಮುಂದ ಹೆಂಗ ನಿಲ್ಲಲಿ? ಆಕಿನ್ನ ಎಬ್ಬಿಸಿದ್ರ, ರೊಟ್ಟಿ ಹಾಕಿದ ಆ ಮಂದಿ ಬೆನ್ನ ಹಿಂದ ನಿಂತಾರ, ಅವರ ಮುಂದ ಹೆಂಗ ನಿಲ್ಲಲಿ? ಚೀಲ ತಗದು ಸೀಟಿನ ಮ್ಯಾಲಿಟ್ಟೆ, ಹೋಗಿ ಆಕಿ ಮಗ್ಗಲ ಕುಂತೆ. ಅಷ್ಟೊತ್ತಿಗೆ ಕೆಂಚವ್ವ ತೇಕೊಂತ ಬಂದು, ಆಕಿನೂ ಕುಂತ್ಲು, ಆಮ್ಯಾಲೆ ಬಸ್ಸಿನ ಹಿಂದೂ ಮುಂದೂ ಊರ ಕುಂತಿತು. ಮುಂದೂ ಇಲ್ಲ, ಹಿಂದೂ ಇಲ್ಲ, ಸಾವ್ಕಾರ್ರು ಬಸ್ಸಿನ್ಯಾಗ ಸಿಕ್ಕೊಂಡ್ರು. ಬೈದ್ರು, ಬೆವತ್ರು, ಹೊತ್ತು ಏರ್ದಂಗ ಮೆತ್ತಗಾದ್ರು. "ಆತು ಬಿಡ್ರವ್ವಾ, ಬಸ್ಸು ಬರ್ತೈತಿ. ಏಳ್ರಿ ಇನ್ನ" ಅಂದ್ರು.

ನಾವು ಟ್ರಂಕು ಇಳಿಸ್ಕೊಂಡು ಆ ರಾತ್ರಿ ಕೆಂಚವ್ವನ ಮನ್ಯಾಗ ಉಳದ್ವಿ. ಮರುದಿನ ಬಸ್ಸು ಬಂತು, ಮಾತಿನ ಮನುಷ್ಯಾ, ಸುಳ್ಳ ಹೇಳ್ಬಾರ್ದು. ಒಳಗ ಹೊಸ ಕಂಡಕ್ಟರಿದ್ದ. ನಾವಿಬ್ರೂ ಟ್ರಂಕು ಹೊತ್ಕೊಂಡು ಹತ್ತಿದ್ವಿ, "ಎಲ್ಲಿಗ್ರಿ?" ಅಂತ ಕೇಳಿ ಟಿಕೀಟು ಹರದು ಕೊಟ್ಟ. ಮಾವ ಒಂದು ವರ್ಷ ಮಾತಾಡ್ಲಿಲ್ಲ ನನ್ನ ಜೋಡಿ. ಹಮಾಲಿ ಮಾಡಿದೆ, ಮೆಕ್ಕಿಜ್ವಾಳದ ಚೀಲ ಹೊತ್ತೆ, ಬೆನ್ನು ಬಾಗಿದ್ದು ಅದಕ್ಕ. ಆದ್ರೂ ಹೇಳ್ತೀನಿ ಕೇಳ್ರಿ, ಹೊಸಾದು ಕೊಡ್ರಿ ಅಂತ ಎಲ್ಲಾರೂ ಕೇಳ್ತಾರ, ಇದ್ದದ್ದು ಉಳೀಬೇಕಂದ್ರ ಯಾರಾರ ಒಬ್ರು ಅಡ್ಡ ಕುಂದ್ರಬೇಕಾಕ್ಕತಿ. ಹ್ಞೂ, ಏಳ್ರಿ ಏಳ್ರಿ, ಉಣ್ಣಾಕ ಕೂಗಾಕ ಹತ್ಯಾಳ ನಿಮ್ಮಜ್ಜಿ. ಆಕಿ ಬಂದು ಬಾಗಲಾಗ ಕುಂತ್ಲಂದ್ರ ನಿಮ್ಮಪ್ಪನೂ ದಾಟಂಗಿಲ್ಲ.