ರೆಕಾರ್ಡಿನಲ್ಲಿಲ್ಲದ ಸ್ವರ

ಡ್ರೈವರನ ಕಣ್ಣು ಮುಚ್ಚಿ ಮುಚ್ಚಿ ಹೋಗುವುದು ಮುಂದಿನ ಸೀಟಿನ ಯಾಮಿನಿಗೆ ಕನ್ನಡಿಯಲ್ಲಿ ಕಾಣುತ್ತಿತ್ತು. ಹೇಳಿದರೆ ಬಸ್ಸಿನವರೆಲ್ಲ ತನ್ನತ್ತ ತಿರುಗಿಯಾರು, ಅವನೂ ಗದರಿಯಾನು ಎಂದು ಕುಂದಾಪುರ ಬಿಟ್ಟಾಗಿನಿಂದ ಒಳಗೊಳಗೇ ಬೇಯುತ್ತಿದ್ದಳು. ಹಿಂದಿನ ಸೀಟಿನಲ್ಲಿ ಮೀನು ಮಾರುವ ಹೆಂಗಸೊಬ್ಬಳು ಮಗನೊಡನೆ ಮಾತಾಡುತ್ತಿದ್ದಳು.

“ವಿಮಾನ ಬಿಟ್ಟದ್ದ್ ಕ್ಯಾಪ್ಟನ್ ಅಲ್ದಾ ರತನಾ? ನಿನ್ನ್ ತಪ್ಪೆಂತ?”

“ಒಬ್ರ್ ಬಿಡುವತಿಗೆ ಕೋ-ಪೈಲಟ್ ನಾನ್ ಕಣ್ಣಿಟ್ಟ್ ಕಾಂತಾ ಇರ್ಕ್ ಅಮ್ಮಾ. ತಪ್ಪಿದ್ರೆ ಕೂಗಿ ಹೇಳ್ಕ್. ಎರಡ್ ಸಲ ಹೇಳ್ರೂ ಉತ್ತರ ಬರ್ದಿರೆ ವಿಮಾನ ನಾನೇ ಕೈಗೆ ತಕಣ್ಕ್.”

“ನೀನ್ ಹೇಳ್ಲಿಲ್ಯಾ?”

“ಇಳಿವತಿಗೆ ವೇಗ ಜಾಸ್ತಿ ಆಯ್ತ್, ನಾ ಕಂಡೆ. ಅಷ್ಟ್ ದೊಡ್ಡೋರಿಗೆ ಎಂತ ಹೇಳುದ್ ಅಂದ್ ಸುಮ್ನಾದೆ. ವಿಮಾನ ರನ್‌ವೇಗೆ ಬಡೀತ್. ಬೆನ್ನಿಗೆ ಪೆಟ್ಟಾದ ಗಗನಸಖಿ ಹುಡ್ಗಿಗೆ ಇನ್ನೂ ಎದ್ದ್ ಕೂಕಂಬುಕೆ ಆತಿಲ್ಲ.”

“ನಾಳಿ ವಿಚಾರಣೆಯಗೆ ಹೇಳಿದ್ದೆ ಅಂದೇಳ್ ಮಗಾ.”

“ಕಾಕ್‌ಪಿಟ್ಟಿನ ಮಾತೆಲ್ಲ ರೆಕಾರ್ಡ್ ಆತ್ತ್. ಅದ್ರಗೆ ನನ್ನ್ ಸ್ವರವೇ ಇಲ್ಲ.”

“ನಾ ಕೂಗಿರೆ ಮಾರ್ಕೆಟ್ಟಿಡೀ ತಿರ್ಗತ್ತ್. ನನ್ನ್ ಹೊಟ್ಟೆಯಗ್ ಹುಟ್ಟಿ, ನಿನ್ನ್ ಬಾಯಿ ಎಲ್ಲ್ ಹೋಯ್ತ್ ಮಾರಾಯಾ?”

ಅವಳ ದನಿ ಒಡೆಯಿತು. ಕುಂಭಾಶಿಯಲ್ಲಿ “ಏಳ್, ದೇವ್ರಿಗಾರೂ ಕೈ ಮುಗ್ದ್ ಬಪ್ಪ” ಎಂದು ಮಗನ ಕೈ ಹಿಡಿದು ಇಳಿಸಿಕೊಂಡು ಹೋದಳು.

ಬಸ್ಸು ಹೆದ್ದಾರಿಯಲ್ಲಿ ವೇಗ ಹಿಡಿಯಿತು. ಕನ್ನಡಿಯಲ್ಲಿ ಆ ಕಣ್ಣುಗಳು ಮತ್ತೆ ಮುಚ್ಚಿದವು.

“ಡ್ರೈವರೇ, ನಿಮ್ಗೆ ನಿದ್ದೆ ಬತ್ತಾ ಇತ್ತ್” ಎಂದಳು ಯಾಮಿನಿ. ಉತ್ತರ ಬರಲಿಲ್ಲ.

ಎದ್ದು ನಿಂತು, ಎರಡನೆಯ ಸಲ ಬಸ್ಸಿಡೀ ತನ್ನತ್ತ ತಿರುಗುವಂತೆ ಕೂಗಿ ಹೇಳಿದಳು.